ಟರ್ಬೊ ಕ್ರಾಸ್‌ಓವರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯವರೆಲ್ಲ ಓಡಾಡಲು ಐದು ಸೀಟಿನ ಎರಡು ಕ್ರಾಸ್‌ಓವರ್ ನೋಡಿಟ್ಟಿದ್ದೇವೆ. ಒಂದಕ್ಕೆ ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್ ಎಂಜಿನ್, ಇನ್ನೊಂದಕ್ಕೆ 1 ಲೀಟರ್ ಟರ್ಬೊ. ಎರಡಕ್ಕೂ 115 ಪಿಎಸ್ (ಅಶ್ವಶಕ್ತಿ) ಎಂದೇ ಬರೆದಿದ್ದಾರೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಮೂರು ಸಿಲಿಂಡರಿನ ಸಣ್ಣ ಎಂಜಿನ್ ಐದು ಜನರನ್ನು ಎಳೆದೀತೇ?

ಉತ್ತರ: ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಪಂಪು. ಪಿಎಸ್ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಿ. ಅದು ಎಂಜಿನ್ 5,000–6,300 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಚೀರುತ್ತಿರುವಾಗಿನ ಅಂಕಿ. ಮಕ್ಕಳು ಮರಿ ಕೂತ ಗಾಡಿಯನ್ನು ಆ ಮಟ್ಟಕ್ಕೆ ಯಾರೂ ಒಯ್ಯುವುದಿಲ್ಲ. ನೋಡಬೇಕಾದದ್ದು ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಎಷ್ಟು, ಅದು ಯಾವ ಆರ್‌ಪಿಎಂನಲ್ಲಿ ಸಿಗುತ್ತದೆ ಎಂಬುದು. ಹುಂಡೈ ಕ್ರೆಟಾದ ಟರ್ಬೊ ಇಲ್ಲದ 1.5 ಲೀಟರ್ ಎಂಜಿನ್ ತನ್ನ 144 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು 4,500 ಆರ್‌ಪಿಎಂನಲ್ಲಿ. ಫೋಕ್ಸ್‌ವ್ಯಾಗನ್‌ನ 1 ಲೀಟರ್ ಟಿಎಸ್‌ಐ 178 ನ್ಯೂಟನ್ ಮೀಟರನ್ನು 1,750ರಲ್ಲೇ ಕೊಡುತ್ತದೆ.

ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಆ ಕ್ಷಣದ ಪಿಎಸ್ ಸಿಗುತ್ತದೆ. 2,000 ಆರ್‌ಪಿಎಂನಲ್ಲಿ ಟರ್ಬೊ ಎಂಜಿನ್ ಹತ್ತಿರ ಸುಮಾರು 51 ಪಿಎಸ್ ಇರುತ್ತದೆ. ಸಾದಾ ಎಂಜಿನ್ ಅಷ್ಟೇ ಆರ್‌ಪಿಎಂನಲ್ಲಿ 125 ನ್ಯೂಟನ್ ಮೀಟರ್ ಕೊಡುತ್ತದೆ ಎಂದಿಟ್ಟುಕೊಂಡರೂ 36 ಪಿಎಸ್ ದಾಟುವುದಿಲ್ಲ. ಲಾರಿ ಹಿಂದಿಕ್ಕುವಾಗ, ಏರು ಹತ್ತುವಾಗ ಒಂದು ಗೇರು ಇಳಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಈ 15 ಪಿಎಸ್. ಆದ್ದರಿಂದ ಐದು ಜನರನ್ನು ಎಳೆದೀತೇ ಎಂದರೆ, ಧಾರಾಳವಾಗಿ ಎಳೆಯುತ್ತದೆ.

ಇನ್ನೊಂದು ಮುಖವೂ ಇದೆ. ಟರ್ಬೊ ತಿರುಗಲು ಹೊಗೆಯ ಒತ್ತಡ ಬೇಕು. 1,500 ಆರ್‌ಪಿಎಂಗಿಂತ ಕೆಳಗೆ ಅದು ಸಾಕಷ್ಟು ಇರುವುದಿಲ್ಲ, ಆಗ ನಿಮ್ಮ ಕೈಲಿರುವುದು ಬರೀ ಒಂದು ಲೀಟರಿನ ಎಂಜಿನ್. ಮ್ಯಾನ್ಯುಯಲ್ ಗೇರಿನಲ್ಲಿ ಟ್ರಾಫಿಕ್ಕಿನ ನಡುವೆ ತೆವಳುವವರಿಗೆ ಇದು ಕಾಲಿಗೆ ಬರುವ ಕೆಲಸ: ಹಾಫ್ ಕ್ಲಚ್ ಹೆಚ್ಚುತ್ತದೆ, ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ನಾಲ್ವರನ್ನು ಕೂರಿಸಿ, ಎಸಿ ಹಾಕಿ, ರಸ್ತೆಯುಬ್ಬು ದಾಟಿದ ಮೇಲೆ ಎರಡನೇ ಗೇರಿನಲ್ಲಿ 15 ಕಿ.ಮೀ. ವೇಗದಿಂದ ಕ್ಲಚ್ ಮುಟ್ಟದೆ ಆಕ್ಸಿಲರೇಟರ್ ಒತ್ತಿ ನೋಡಿ. ಗಾಡಿ ಕೊಸರಾಡಿ ಆಮೇಲೆ ಒಮ್ಮೆಲೇ ಜಿಗಿದರೆ, ನಿಮ್ಮ ಓಡಾಟ ಊರೊಳಗೇ ಹೆಚ್ಚಿದ್ದರೆ, ಸಾದಾ 1.5 ಅಥವಾ ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ತೆಗೆದುಕೊಳ್ಳಿ. ಹೆದ್ದಾರಿ, ಘಾಟಿ ಹೆಚ್ಚು ಎನ್ನುವವರಿಗೆ ಟರ್ಬೊನೇ ಸರಿ. ಸದಾ ಐದೂ ಸೀಟು ತುಂಬಿ, ಡಿಕ್ಕಿಯೂ ತುಂಬುವವರು 250 ನ್ಯೂಟನ್ ಮೀಟರ್ ಆಸುಪಾಸಿನ 1.5 ಟರ್ಬೊ ನೋಡುವುದು ಒಳ್ಳೆಯದು. ದೊಡ್ಡ ಎಂಜಿನ್ ಅದೇ ಭಾರವನ್ನು ಹಗುರವಾಗಿ ಎಳೆಯುತ್ತದೆ.

ಪ್ರಶ್ನೆ: ಸಣ್ಣ ಟರ್ಬೊ ಎಂಜಿನ್ ಮೈಲೇಜ್ ಚೆನ್ನಾಗಿ ಕೊಡುತ್ತದೆ ಎಂದು ನಂಬಿ ಕೊಂಡೆ. ಕಂಪನಿ ಹೇಳಿದ್ದರಲ್ಲಿ ಮೂರನೇ ಒಂದು ಭಾಗ ಕಡಿಮೆ ಬರುತ್ತಿದೆ. ಎಂಜಿನ್‌ನಲ್ಲಿ ದೋಷವಿದೆಯೇ?

ಉತ್ತರ: ಬಹುಶಃ ಎಂಜಿನ್‌ನಲ್ಲಿಲ್ಲ, ಪಾದದಲ್ಲಿದೆ. ಆಕ್ಸಿಲರೇಟರ್ ಹಗುರವಾಗಿದ್ದಾಗ ಟರ್ಬೊ ಒತ್ತಡ ಏರುವುದಿಲ್ಲ, ಸಣ್ಣ ಎಂಜಿನ್ ಸಣ್ಣ ಎಂಜಿನ್ನಿನಂತೆಯೇ ಕುಡಿಯುತ್ತದೆ. ಕಂಪನಿ ಹೇಳುವ ಮೈಲೇಜ್ ಅಂಕಿ ಬರುವ ಮಾನ್ಯತೆಯ ಪರೀಕ್ಷೆ ನಡೆಯುವುದು ಹೆಚ್ಚಾಗಿ ಈ ಸ್ಥಿತಿಯಲ್ಲೇ. ಜೋರಾಗಿ ಒತ್ತಿದರೆ ಗಾಳಿ ಹೆಚ್ಚು, ಅದಕ್ಕೆ ತಕ್ಕ ಪೆಟ್ರೋಲೂ ಹೆಚ್ಚು. ಅಷ್ಟಕ್ಕೇ ಮುಗಿಯುವುದಿಲ್ಲ. ಪೂರ್ತಿ ಒತ್ತಡದಲ್ಲಿ ಸಿಲಿಂಡರ್ ಮತ್ತು ಟರ್ಬೊ ಕಾದುಹೋಗದಿರಲಿ ಎಂದು ಎಷ್ಟೋ ಎಂಜಿನ್‌ಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಇರಬೇಕಾದಲ್ಲಿ 12ಕ್ಕೆ 1ರ ಹತ್ತಿರ ಬರುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ತಂಪು ಮಾಡಲಿಕ್ಕೆ ಮಾತ್ರ, ಗಾಡಿ ಓಡಿಸಲಿಕ್ಕಲ್ಲ.

ಎಥನಾಲ್ ಬೆರೆತ ಪೆಟ್ರೋಲ್ ಆಗಿದ್ದರೆ ಅದರ ಪಾಲೂ ಸೇರುತ್ತದೆ. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಶೇ 20ರಷ್ಟು ಬೆರೆತರೆ ಲೀಟರಿಗೆ ಶೇ 6–7ರಷ್ಟು ಶಕ್ತಿ ಹೋದಂತೆ.

ದೋಷ ಹುಡುಕುವ ಮೊದಲು ಅಳತೆ ಸರಿಮಾಡಿಕೊಳ್ಳಿ. ಡ್ಯಾಶ್‌ಬೋರ್ಡಿನ ಅಂಕಿ ನಂಬಬೇಡಿ. ಮೊದಲ ಕ್ಲಿಕ್‌ವರೆಗೆ ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ಮೊದಲ ಕ್ಲಿಕ್‌ವರೆಗೆ ತುಂಬಿಸಿ. ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ. ಆ ಮೂರು ಟ್ಯಾಂಕುಗಳಲ್ಲಿ 2,500 ಆರ್‌ಪಿಎಂ ದಾಟದೆ, ಗೇರು ಬೇಗ ಏರಿಸುತ್ತ ಓಡಿಸಿ. ಆಗ ಮೈಲೇಜ್ ಏರಿದರೆ ಎಂಜಿನ್ ಸರಿಯಾಗಿದೆ. ಏರದಿದ್ದರೆ ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡಿರುವ ಬ್ರೇಕ್, ಇಂಟರ್‌ಕೂಲರ್ (ಟರ್ಬೊ ತಳ್ಳುವ ಗಾಳಿಯನ್ನು ತಂಪು ಮಾಡುವ ಭಾಗ) ಪೈಪಿನ ಸೋರಿಕೆ ಇವನ್ನು ಇದೇ ಕ್ರಮದಲ್ಲಿ ನೋಡಿಸಿ.

ಪ್ರಶ್ನೆ: ಗಾಡಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಆನ್ ಇಡಲೇಬೇಕೇ?

ಉತ್ತರ: ಊರೊಳಗಿನ ಸಾಮಾನ್ಯ ಓಡಾಟಕ್ಕೆ ಬೇಡ. ಮನೆಗೆ ಬರುವ ಕೊನೆಯ ಒಂದು ಕಿಲೋಮೀಟರ್ ನಿಧಾನವಾಗಿ ಬಂದರೆ ಅಷ್ಟೇ ಸಾಕು. ಬೇಕಾಗುವುದು ಹೆದ್ದಾರಿಯಲ್ಲಿ ಜೋರಾಗಿ ಬಂದು ನೇರ ಹೋಟೆಲ್ ಮುಂದೆ ನಿಲ್ಲಿಸುವಾಗ, ಘಾಟಿ ಹತ್ತಿದ ಕೂಡಲೇ ನಿಲ್ಲಿಸುವಾಗ. ಪೆಟ್ರೋಲ್ ಎಂಜಿನ್ನಿನ ಹೊಗೆ ಪೂರ್ತಿ ಭಾರದಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಂಜಿನ್ ಆಫ್ ಆದರೆ ಆಯಿಲ್ ಪಂಪ್ ನಿಲ್ಲುತ್ತದೆ, ಬೇರಿಂಗಿನಲ್ಲಿ ಉಳಿದ ಆಯಿಲ್ ಅಲ್ಲೇ ಬೆಂದು ಕರಿಯಾಗಿ ಗಟ್ಟಿಯಾಗುತ್ತದೆ. ಒಂದರಿಂದ ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಈ ತಾಪತ್ರಯವಿಲ್ಲ. ಈಗಿನ ಬಹಳಷ್ಟು ಟರ್ಬೊಗಳಿಗೆ ಕೂಲಂಟ್ ಸಂಪರ್ಕ ಇರುತ್ತದೆ, ಕೆಲವಕ್ಕೆ ಎಂಜಿನ್ ಆಫ್ ಆದ ಮೇಲೂ ಓಡುವ ಪುಟ್ಟ ಎಲೆಕ್ಟ್ರಿಕ್ ಪಂಪ್ ಇರುತ್ತದೆ. ನಿಲ್ಲಿಸಿದ ಮೇಲೂ ಗುಂಯ್ ಎನ್ನುವ ಸದ್ದು ಬಂದರೆ ಗಾಬರಿ ಬೇಡ. ಗಾಡಿ ನಿಂತಾಗ ಎಂಜಿನ್ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಸೌಲಭ್ಯ ಇದ್ದರೆ, ಜೋರು ಓಟದ ನಂತರ ಟೋಲ್‌ಗೇಟ್ ಹತ್ತಿರ ಬರುವಾಗ ಅದನ್ನು ಬಟನ್ ಒತ್ತಿ ಆಫ್ ಮಾಡುವುದು ಒಳ್ಳೆಯ ರೂಢಿ. ಕೀ ತೆಗೆದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಓಡಿಸುವ, ಟರ್ಬೊ ಟೈಮರ್ ಎಂದು ಮಾರುವ ಪೆಟ್ಟಿಗೆಗೆ ದುಡ್ಡು ಹಾಕಬೇಡಿ.

ಯಾರೂ ಕೇಳದ, ಆದರೆ ಇದಕ್ಕಿಂತ ಮುಖ್ಯವಾದ ವಿಷಯ ಬೆಳಗಿನ ಸ್ಟಾರ್ಟಿಂಗ್. ಟರ್ಬೊದ ಒಳಗಿನ ದಂಡ (ಶಾಫ್ಟ್) ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುತ್ತದೆ, ಅದನ್ನು ಎತ್ತಿ ಹಿಡಿದಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ. ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿದು ಗುರ್ ಎನಿಸಬೇಡಿ. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ನಾಲ್ಕೈದು ಕಿಲೋಮೀಟರ್ 2,500 ಆರ್‌ಪಿಎಂ ಒಳಗೇ ಇರಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿತೆಂದರೆ ಕೂಲಂಟ್ ಬಿಸಿಯಾಗಿದೆ ಎಂದಷ್ಟೇ ಅರ್ಥ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು.

ಪ್ರಶ್ನೆ: ಟರ್ಬೊ ಪೆಟ್ರೋಲ್‌ಗೆ ಯಾವ ಆಯಿಲ್, ಎಷ್ಟು ಕಿಲೋಮೀಟರಿಗೆ? ಸರ್ವಿಸ್ ಪುಸ್ತಕದಲ್ಲಿ 15,000 ಎಂದಿದೆ, ಮೆಕ್ಯಾನಿಕ್ 5,000 ಎನ್ನುತ್ತಾರೆ. ನಮ್ಮ ಗಾಡಿಯಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿದೆ, ಅದೂ ಗೊಂದಲ.

ಉತ್ತರ: ದಪ್ಪ ಎಷ್ಟಿರಬೇಕು ಎಂಬುದರಲ್ಲಿ ಪುಸ್ತಕದ ಮಾತೇ ಕೊನೆ. 0ಡಬ್ಲ್ಯು-20 ಎಂದಿದ್ದರೆ ಅದೇ, 5ಡಬ್ಲ್ಯು-30 ಎಂದಿದ್ದರೆ ಅದೇ. ಸಣ್ಣ ಟರ್ಬೊಗೆ ದಪ್ಪ ಆಯಿಲ್ ಒಳ್ಳೆಯದು ಎಂಬುದು ಹಳೆಯ ನಂಬಿಕೆ. ಡಬ್ಬಿಯ ಮೇಲೆ ನೋಡಬೇಕಾದ ಇನ್ನೊಂದು ಅಂಶ ದರ್ಜೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ವ್ಯವಸ್ಥೆ) ಇರುವ ಟರ್ಬೊ ಪೆಟ್ರೋಲ್ ಎಂಜಿನ್‌ಗೆ, ಪುಸ್ತಕ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಕೇಳಿದ್ದರೆ, ಎಸ್‌ಪಿ ಅಥವಾ ಅದಕ್ಕಿಂತ ಹೊಸದು ಹಾಕಿ. ಕಂಪನಿಯದ್ದೇ ಅನುಮೋದನೆಯ ಸಂಖ್ಯೆ ಕೇಳಿದ್ದರೆ ಆ ಸಂಖ್ಯೆ ಡಬ್ಬಿಯ ಮೇಲೆ ಇರಲೇಬೇಕು.

ಈ ಎಸ್‌ಪಿ ಯಾಕೆ? 1,200–2,000 ಆರ್‌ಪಿಎಂನಲ್ಲಿ ದೊಡ್ಡ ಗೇರಿನಲ್ಲೇ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಸಿಲಿಂಡರ್ ಗೋಡೆಯ ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿ ಸ್ಪಾರ್ಕಿಗೆ ಮೊದಲೇ ತಾನಾಗಿ ಹೊತ್ತಿಕೊಳ್ಳುವುದುಂಟು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಮೇಲಿನಿಂದ ಸ್ಫೋಟ. ಒಂದೆರಡು ಏಟಿಗೇ ಪಿಸ್ಟನ್ ರಿಂಗ್ ಕೂರುವ ಅಂಚು ಮುರಿದುಬೀಳಬಹುದು. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ ಆಧಾರಿತ ಡಿಟರ್ಜೆಂಟ್ ಇದಕ್ಕೆ ಕುಮ್ಮಕ್ಕು ಕೊಡುತ್ತದೆ ಎಂದು ಗೊತ್ತಾದ ಮೇಲೆ ಅದರ ಒಂದು ಪಾಲನ್ನು ಮೆಗ್ನೀಸಿಯಂಗೆ ಬದಲಿಸಿದರು. 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಬಂದದ್ದರ ಹಿಂದೆ ಈ ಕಾರಣವೂ ಇದೆ. ಆಯಿಲ್ ಎಂಥದ್ದೇ ಇರಲಿ, ಐದನೇ ಗೇರಿನಲ್ಲಿ 40ರ ವೇಗದಲ್ಲಿದ್ದು ಪೆಡಲ್ ನೆಲಕ್ಕೆ ಒತ್ತುವ ಅಭ್ಯಾಸ ಬಿಡಿ. ಎರಡು ಗೇರು ಇಳಿಸಿ.

ಇನ್ನು ಅವಧಿ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ದಿನವೂ ಓಡುವ ಗಾಡಿಗೆ ಪುಸ್ತಕದ ಅವಧಿ ನಡೆಯುತ್ತದೆ, ಆದರೂ 10,000ಕ್ಕೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಿಸಿದರೆ ಟರ್ಬೊ ಬಾಳುತ್ತದೆ ಎಂದು ನಮ್ಮ ಅಭಿಪ್ರಾಯ. ಮೂರು ನಾಲ್ಕು ಕಿಲೋಮೀಟರಿನ ಓಟ, ಟ್ರಾಫಿಕ್ಕು, ಧೂಳು ಹೆಚ್ಚಿದ್ದರೆ 7,500 ಅಥವಾ ಆರು ತಿಂಗಳು. ಪುಸ್ತಕದಲ್ಲೇ ಕಠಿಣ ಬಳಕೆ ಎಂಬ ಸಣ್ಣಕ್ಷರದ ಪಟ್ಟಿ ಇರುತ್ತದೆ, ಓದಿ ನೋಡಿ. ನಿಮ್ಮ ಓಡಾಟ ಅದರಲ್ಲೇ ಇರಬಹುದು. ನಿಮ್ಮ ಮೆಕ್ಯಾನಿಕ್ ಹೇಳುವ 5,000 ಎಂಜಿನ್‌ಗೆ ಕೇಡು ಮಾಡುವುದಿಲ್ಲ, ನಿಮ್ಮ ಜೇಬಿಗೆ ಮಾಡುತ್ತದೆ.

ಮಟ್ಟ ಏರುವುದು ಸಣ್ಣ ಓಟದ್ದೇ ಲಕ್ಷಣ. ತಣ್ಣಗಿನ ಸಿಲಿಂಡರ್ ಗೋಡೆಗೆ ಬಿದ್ದ ಪೆಟ್ರೋಲ್ ಆವಿಯಾಗದೆ ರಿಂಗ್ ದಾಟಿ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತದೆ, ಆಯಿಲ್ ತೆಳುವಾಗುತ್ತದೆ. ಸಮತಟ್ಟು ಜಾಗದಲ್ಲಿ, ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್ ತೆಗೆಯಿರಿ. ಒರೆಸಿ, ಮತ್ತೆ ಇಳಿಸಿ, ಎರಡನೇ ಸಲದ ಗುರುತನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೇಲಿನ ಗುರುತು ದಾಟಿದ್ದು, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ, ಒಂದಿಷ್ಟು ಬಸಿದು ಮಟ್ಟ ಸರಿಮಾಡಿ ಸುಮ್ಮನಾಗಬೇಡಿ. ಪೂರ್ತಿ ಬದಲಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಹಾಗೆ ಮಾಡಿದರೂ ಮಟ್ಟ ಏರುತ್ತಿದ್ದರೆ ಇಂಜೆಕ್ಟರ್ ಸೋರಿಕೆ ಮತ್ತು ಹೈ ಪ್ರೆಶರ್ ಪಂಪ್ ಪರೀಕ್ಷಿಸಬೇಕು. ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಅದು ಕೂಲಂಟ್. ಆಗ ಗಾಡಿ ಸ್ಟಾರ್ಟ್ ಮಾಡದೆ ಎಳೆದೊಯ್ಯಿಸಿ.

ಪ್ರಶ್ನೆ: ಟರ್ಬೊ ಹೋಯಿತೆಂದು ಹೊಸದು ಹಾಕಿಸಿದೆವು. ನಾಲ್ಕೇ ತಿಂಗಳಿಗೆ ಅದೂ ಹೋಯಿತು. ಗ್ಯಾರೇಜಿನವರು ಬಿಡಿಭಾಗವೇ ಕಳಪೆ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ಬಿಡಿಭಾಗ ಕಳಪೆ ಇರಬಹುದು, ಆದರೆ ಅದು ಕೊನೆಯ ಅನುಮಾನ ಆಗಬೇಕು. ಟರ್ಬೊ ತಾನಾಗಿ ಸಾಯುವುದು ಅಪರೂಪ, ಅದನ್ನು ಕೊಂದದ್ದು ಬೇರೆ ಏನೋ ಇರುತ್ತದೆ. ಕೊಂದದ್ದನ್ನು ಬಿಟ್ಟು ಸತ್ತದ್ದನ್ನು ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಹಳೆಯ ಎರಡೂ ಟರ್ಬೊಗಳನ್ನು ಕೇಳಿ ಪಡೆಯಿರಿ, ಬೆಳಕಿನಲ್ಲಿ ಹಿಡಿದು ನೋಡಿ. ಗಾಳಿ ಎಳೆಯುವ ಕಡೆಯ ಅಲ್ಯೂಮಿನಿಯಂ ಚಕ್ರದ ರೆಕ್ಕೆಯ ಮುಂದಂಚು ಚೂರುಚೂರಾಗಿ ಕಚ್ಚಿಹೋಗಿದ್ದರೆ ಹೊರಗಿನಿಂದ ಏನೋ ನುಗ್ಗಿದೆ: ಹರಿದ ಏರ್ ಫಿಲ್ಟರ್, ಬಿಟ್ಟುಹೋದ ಕ್ಲಿಪ್, ಹಿಂದಿನ ಟರ್ಬೊದ ಚೂರು. ಹೊಗೆಯ ಕಡೆಯ ಚಕ್ರಕ್ಕೆ ಪೆಟ್ಟಾಗಿದ್ದರೆ ತುಂಡು ಬಂದದ್ದು ಎಂಜಿನ್ ಒಳಗಿನಿಂದ, ಪ್ಲಗ್ಗಿನ ತುದಿಯೋ ವಾಲ್ವಿನ ಅಂಚೋ ಮುರಿದಿದೆ. ದಂಡ ನೀಲಿಗಟ್ಟಿದ್ದರೆ ಆಯಿಲ್ ತಲುಪಿಲ್ಲ. ನೀಲಿ ಇಲ್ಲದೆ ಬೇರಿಂಗಿನ ಸುತ್ತ ಗೀರುಗಳು ಬಿದ್ದಿದ್ದರೆ ಆಯಿಲ್ ತಲುಪಿದೆ, ಆದರೆ ಕೊಳೆ ಆಯಿಲ್.

ಮೂರನೆಯದನ್ನು ಹಾಕಿಸುವಾಗ ಈ ಕೆಲಸಗಳು ಆಗಲೇಬೇಕು. ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪು ಹೊಸದಾಗಬೇಕು. ಅದು ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲೇ ಹಾದು ಬರುವುದರಿಂದ ಒಳಗೆ ಕರಿ ಕಟ್ಟಿರುತ್ತದೆ, ಗಾಳಿ ಊದಿ ತೊಳೆದರೆ ಪೂರ್ತಿ ಹೋಗುವುದಿಲ್ಲ. ಪೈಪಿನ ಬೋಲ್ಟ್ ಒಳಗೆ ಸಣ್ಣ ಜಾಲರಿ ಇದ್ದರೆ ಅದೂ ಹೊಸದು. ಸಂಪ್ ಬಿಚ್ಚಿ ಆಯಿಲ್ ಹೀರುವ ಜಾಲರಿ ತೊಳೆಯಬೇಕು. ಇಂಟರ್‌ಕೂಲರ್ ಕಳಚಿ ಒಳಗಿನ ಆಯಿಲ್, ಲೋಹದ ಚೂರು ತೆಗೆಯಬೇಕು. ಚೂರು ಹೆಚ್ಚಿದ್ದರೆ ಇಂಟರ್‌ಕೂಲರನ್ನೇ ಬದಲಿಸಿ, ತೊಳೆದಷ್ಟೂ ಒಂದಿಷ್ಟು ಉಳಿಯುತ್ತದೆ. ಆಯಿಲ್ ಪೈಪಿನ ಜೋಡಣೆಗೆ ಸಿಲಿಕಾನ್ ಪೇಸ್ಟ್ ಹಚ್ಚಲು ಬಿಡಬೇಡಿ. ಅದು ಒಳಗೆ ಉಕ್ಕಿ ತುಂಡಾಗಿ ದಾರಿ ಮುಚ್ಚುತ್ತದೆ.

ವಾಪಸು ಆಯಿಲ್ ಇಳಿಯುವ ದಪ್ಪ ಪೈಪೂ ತೆರವಾಗಿರಬೇಕು. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ವಾಲ್ವ್) ಕಟ್ಟಿಕೊಂಡು ಎಂಜಿನ್ ಒಳಗೆ ಒತ್ತಡ ಹೆಚ್ಚಿದರೆ ಆಯಿಲ್ ಕೆಳಗಿಳಿಯಲಾರದೆ ಸೀಲಿನಿಂದ ಉಕ್ಕುತ್ತದೆ, ನೀಲಿ ಹೊಗೆ ಬರುತ್ತದೆ. ಆಗ ಚೆನ್ನಾಗಿರುವ ಟರ್ಬೊಗೇ ಸೀಲ್ ಹೋಗಿದೆ ಎಂಬ ಅಪವಾದ. ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೂ ಹಿಂದೊತ್ತಡದಿಂದ ಟರ್ಬೊ ವಿಪರೀತ ಬಿಸಿಯಾಗುತ್ತದೆ, ಅದನ್ನೂ ಅಳೆಸಿ.

ಜೋಡಿಸಿದ ಮೇಲೆ ಆಯಿಲ್ ಕಿಂಡಿಗೆ ಹೊಸ ಆಯಿಲ್ ಸುರಿದು ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಆಮೇಲೆ ಇಂಧನದ ಫ್ಯೂಸ್ ತೆಗೆದು 10–15 ಸೆಕೆಂಡು ಬರೀ ಸ್ಟಾರ್ಟರ್ ತಿರುಗಿಸಬೇಕು. ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಐಡಲ್‌ನಲ್ಲೇ ಬಿಡಬೇಕು. ಇದನ್ನು ಮಾಡದೆ ಕೂಡಲೇ ರೇಸ್ ಮಾಡಿ ಸದ್ದು ಕೇಳಿಸುವ ಗ್ಯಾರೇಜಿನಲ್ಲಿ ಹೊಸ ಟರ್ಬೊಗೆ ಮೊದಲ ಗಾಯ ಅಲ್ಲೇ ಆಗಿರುತ್ತದೆ.

ಪ್ರಶ್ನೆ: 70,000 ಕಿ.ಮೀ. ಓಡಿದ ಟರ್ಬೊ ಪೆಟ್ರೋಲ್ ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಏನೇನು ನೋಡಬೇಕು?

ಉತ್ತರ: ಮೊದಲು ಸರ್ವಿಸ್ ಬಿಲ್, ಆಮೇಲೆ ಗಾಡಿ. ಆಯಿಲ್ ಬದಲಾವಣೆಯ ದಾಖಲೆಯಲ್ಲಿ 20,000 ಕಿ.ಮೀ. ಖಾಲಿ ಜಾಗ ಕಂಡರೆ ಬೇರೆ ಗಾಡಿ ನೋಡಿ.

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಆಯಿಲ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ: ಕಂದು ಬಣ್ಣದ ತೆಳು ಲೇಪ ಸಹಜ, ಗ್ರೀಸಿನಂಥ ಕರಿ ಗಸಿ ಬೇಡ. ಟರ್ಬೊಗೆ ಗಾಳಿ ಹೋಗುವ ಪೈಪು ಬಿಚ್ಚಿಸಿ ಚಕ್ರದ ತುದಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ತುಸು ಅಲುಗಾಡುವುದು ಸರಿ, ರೆಕ್ಕೆ ಗೋಡೆಗೆ ತಾಕಬಾರದು. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಜಗ್ಗಿದರೆ ಬೇರಿಂಗ್ ಮುಗಿದಿದೆ. ಪೈಪಿನೊಳಗೆ ಆಯಿಲ್ ಜಿಡ್ಡು ಇದ್ದೇ ಇರುತ್ತದೆ, ಕೆಳಗೆ ಮಡುಗಟ್ಟಿದ್ದರೆ ಮಾತ್ರ ಚಿಂತೆ.

ಸ್ಟಾರ್ಟ್ ಮಾಡಿ ಬಿಸಿ ಮಾಡಿ, ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ರೇಸ್ ಮಾಡಿ, ಹಿಂದೆ ಇನ್ನೊಬ್ಬರನ್ನು ನಿಲ್ಲಿಸಿ ಹೊಗೆ ನೋಡಿಸಿ. ನೀಲಿ ಇರಬಾರದು. ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 1,800 ಆರ್‌ಪಿಎಂನಿಂದ 4,500ರವರೆಗೆ ಎಳೆಸಿ. ಸಣ್ಣ ಸೀಟಿ ಸದ್ದು ಟರ್ಬೊದ ಸಹಜ ದನಿ. ಪೊಲೀಸ್ ಸೈರನ್ನಿನಂತೆ ಏರುವ ಕೂಗು ಬೇರಿಂಗಿನದು, ಬುಸ್ ಎನ್ನುವುದು ಒಡೆದ ಪೈಪಿನದು, ಐಡಲ್‌ನಲ್ಲಿ ಕಟಕಟ ಎನ್ನುವುದು ಸವೆದ ವೇಸ್ಟ್‌ಗೇಟಿನದು (ಹೆಚ್ಚಾದ ಹೊಗೆಯನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು). ಕೊನೆಗೆ ಸ್ಕ್ಯಾನರ್ ಹಾಕಿಸಿ. ಪಿ0299 ಎಂದರೆ ಟರ್ಬೊ ಒತ್ತಡ ಸಾಲದು, ಪಿ0234 ಎಂದರೆ ಹೆಚ್ಚಾಗಿದೆ. ಕೋಡ್‌ಗಳನ್ನೆಲ್ಲ ಆಗಷ್ಟೇ ಅಳಿಸಿದ್ದರೆ ಸ್ಕ್ಯಾನರಿನ ಸ್ವಯಂಪರೀಕ್ಷೆಗಳ ಪಟ್ಟಿಯಲ್ಲಿ ಅಪೂರ್ಣ ಎಂದು ತೋರಿಸುತ್ತದೆ. ಮಾರುವವರನ್ನು ಆಗ ಕಾರಣ ಕೇಳಿ.

ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರೆ, ಪೆಟ್ರೋಲ್ ಇನ್‌ಟೇಕ್ ವಾಲ್ವನ್ನು ತೊಳೆಯುವುದಿಲ್ಲವಾದ್ದರಿಂದ, ಅಲ್ಲಿ ಕಾರ್ಬನ್ ಕೂತಿರುತ್ತದೆ. ಬೆಳಗಿನ ಐಡಲ್ ನಡುಗಿದರೆ ಅದನ್ನು ಅನುಮಾನಿಸಿ. ಪೆಟ್ರೋಲಿಗೆ ಬೆರೆಸುವ ಕ್ಲೀನರ್ ಆ ವಾಲ್ವಿಗೆ ತಲುಪುವುದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ವಾಲ್‌ನಟ್ ಚಿಪ್ಪಿನ ಪುಡಿ ಊದಿ ತೆಗೆಸಬೇಕು. ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ಓಡುವ ಮಾದರಿಯಾದರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಆ ಬೆಲ್ಟಿನ ರಬ್ಬರ್ ಉದುರಿದರೆ ಆಯಿಲ್ ಜಾಲರಿ ಕಟ್ಟಿಕೊಂಡು ಟರ್ಬೊ, ಎಂಜಿನ್ ಎರಡಕ್ಕೂ ಆಯಿಲ್ ನಿಲ್ಲುತ್ತದೆ.

ಪ್ರಶ್ನೆ: ದುಬಾರಿ, ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಹಾಕಿದರೆ ಟರ್ಬೊಗೆ ಲಾಭವಿದೆಯೇ?

ಉತ್ತರ: ಎಂಜಿನ್ನಿಗೆ ಅದನ್ನು ಬಳಸಿಕೊಳ್ಳಲು ಗೊತ್ತಿದ್ದರೆ ಇದೆ. ಆಕ್ಟೇನ್ ಎಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಪೆಟ್ರೋಲಿನ ಗುಣ. ಅಮೆರಿಕದಲ್ಲಿ ಮಾಜ್ಡಾ ತನ್ನ 2.5 ಲೀಟರ್ ಟರ್ಬೊಗೆ ಅಲ್ಲಿನ 87 ಆಕ್ಟೇನ್ ಪೆಟ್ರೋಲಿನಲ್ಲಿ 227, 93ರಲ್ಲಿ 250 ಹಾರ್ಸ್‌ಪವರ್ ಎಂದು ತಾನೇ ಘೋಷಿಸಿತ್ತು. ಎಲ್ಲ ಎಂಜಿನ್ ಹೀಗಲ್ಲ. ಪುಸ್ತಕ ಕನಿಷ್ಠ ಎಂದು ಹೇಳಿದ ಆಕ್ಟೇನ್‌ಗಿಂತ ಕೆಳಗೆ ಇಳಿಯಬೇಡಿ. ಪುಸ್ತಕ ಶಿಫಾರಸು ಮಾಡಿದ ಆಕ್ಟೇನ್‌ಗಿಂತ ಮೇಲೆ ಹೋಗಿ ದುಡ್ಡು ಸುಡಬೇಡಿ.

ಪ್ರಶ್ನೆ: ಏಳು ಸೀಟಿನದ್ದು ಬೇಕು. ಟರ್ಬೊ ಪೆಟ್ರೋಲೋ, ಡೀಸೆಲೋ? ಗೇರ್‌ಬಾಕ್ಸ್ ಯಾವುದು?

ಉತ್ತರ: ದಿನದ ಓಟ ಹತ್ತು ಕಿಲೋಮೀಟರ್ ಒಳಗಿದ್ದರೆ ಡೀಸೆಲ್ ಬೇಡ. ಸೈಲೆನ್ಸರ್ ದಾರಿಯ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ತಾನು ಹಿಡಿದ ಮಸಿಯನ್ನು ಸುಡಲು 600 ಡಿಗ್ರಿ ಆಸುಪಾಸು ಬಿಸಿ ಬೇಕು, ಅದಕ್ಕೆ ವಾರಕ್ಕೊಮ್ಮೆಯಾದರೂ 20 ನಿಮಿಷದ ನಿರಂತರ ಓಟ ಬೇಕು. ಅದಿಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸುಡಲೆಂದು ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಸೇರುತ್ತದೆ. ದೂರ ಓಡುವವರಿಗೆ, ಏಳು ಜನ ತುಂಬಿಕೊಂಡು ಹೋಗುವವರಿಗೆ ಡೀಸೆಲ್ ಈಗಲೂ ಹಿಂದೆ ಬಿದ್ದಿಲ್ಲ: 1.5 ಲೀಟರಿನ ಡೀಸೆಲ್ 1,500 ಆರ್‌ಪಿಎಂನಲ್ಲೇ 250 ನ್ಯೂಟನ್ ಮೀಟರ್ ಕೊಡುತ್ತದೆ, ಭಾರ ಹೆಚ್ಚಿದರೂ ಮೈಲೇಜ್ ಪೆಟ್ರೋಲಿನಷ್ಟು ಕುಸಿಯುವುದಿಲ್ಲ. ಘಾಟಿಯ ಮೇಲೆ 2,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ 18ರಷ್ಟು ಇಳಿದಿರುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಪೆಟ್ರೋಲು, ಡೀಸೆಲು ಎರಡೂ ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತವೆ.

ಗೇರ್‌ಬಾಕ್ಸ್ ಟಾರ್ಕ್ ಕನ್ವರ್ಟರ್ ಆದರೆ ನಿಶ್ಚಿಂತೆ. ಒಣ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಆದರೆ ಟ್ರಾಫಿಕ್ಕಿನಲ್ಲಿ ಇಂಚಿಂಚು ಮುಂದೆ ಬಿಡುತ್ತ ಹೋಗಬೇಡಿ. ಮುಂದೆ ಒಂದು ಗಾಡಿಯಷ್ಟು ಜಾಗವಾಗುವವರೆಗೆ ಬ್ರೇಕ್ ಮೇಲೆ ನಿಲ್ಲಿಸಿ ಆಮೇಲೆ ಬಿಡಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದು ನಿಲ್ಲಿಸುವುದಂತೂ ಬೇಡವೇ ಬೇಡ, ಕ್ಲಚ್ ಬಿಸಿಯ ಎಚ್ಚರಿಕೆ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಹಾಗೆ ಬಂದರೆ ಬದಿಗೆ ನಿಲ್ಲಿಸಿ, ಗೇರನ್ನು ಪಾರ್ಕ್‌ಗೆ ಹಾಕಿ, ಎಚ್ಚರಿಕೆ ಆರುವವರೆಗೆ ಕಾಯಿರಿ.